ಬಾಯಿ ಹೊಲಿಯಾಕೆ ಜಾಗ

ಸಕಲೇಶಪುರದಲ್ಲಿ ಮದುವೆ ಕ್ಯಾಸೆಟ್‌ಗಳನ್ನು ಸಿ.ಡಿ.ಗೆ ಹಾಕಿಕೊಡುತ್ತಿದ್ದ ಸ್ಟುಡಿಯೊದವರು ಮೊದಲು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಸಿ.ಡಿ.ಯೂ ಅವರ ಪಾಲಿಗೆ ಕಾಫಿ ಮೂಟೆಯೇ. ಯಾರಾದರೂ ಇನ್ನಷ್ಟು ತುಂಬಿಸಿ ಎಂದರೆ, ಮೂಟೆ ಹೊಲಿಯುವ, ಕೈಯಲ್ಲಿಲ್ಲದ ದಬ್ಬಳವನ್ನು ಗಾಳಿಯಲ್ಲಿ ಆಡಿಸುತ್ತಾ, "ಬಾಯಿ ಹೊಲಿಯಾಕೆ ಜಾಗ ಬ್ಯಾಡ್ವಾ ಮಾರಾಯ್ರೆ?" ಅನ್ನುವರು.

ಅಕ್ಕನ ಮದುವೆ ಒಂದು ಸಿ.ಡಿ.ಯಲ್ಲಿ ಹಿಡಿಸಲಿಲ್ಲ. "ಊಟದ್ದು ತೆಗೆದುಬಿಡಿ, ಅದನ್ಯಾರು ನೋಡ್ತಾರೆ?" ಎಂದೆ. ಅವರು ಊಟದ ಭಾಗ ಹಾಕಿ ನೋಡಿದರು. ಪಾಯಸದ ಬಕೆಟ್ ಹಿಡಿದು ಪಂಕ್ತಿಯ ನಡುವೆ ಓಡಾಡುತ್ತಿದ್ದವರನ್ನು ತೋರಿಸಿ, "ಇವ್ರ್ಯಾರು?" ಎಂದರು.

"ನಮ್ಮಪ್ಪ. ಹೋದ್ವರ್ಷ ತೀರ್ಕೊಂಡ್ರು."

ಅವರು ಹೊಸ ಸಿ.ಡಿ. ತೆಗೆದು, ಅದಕ್ಕೆ ಊಟವೊಂದನ್ನೇ ಹಾಕಿದರು.

"ಮುಕ್ಕಾಲು ಖಾಲಿನೇ ಉಳೀತಲ್ಲ!" ಎಂದೆ.

"ಇರ್ಲಿ ಬಿಡ್ರೀ. ಆರಾಮಾಗಿ ಓಡಾಡ್ಕೊಂಡಿರ್ಲಿ."