ತಂಗಿಯ ಹಾಲಿಗೆ ನೀರು

ಸಿರಿಗೆ ಇಪ್ಪತ್ತೆರಡು, ತಂಗಿ ಲಿಖಿತಾಗೆ ಹತ್ತೊಂಬತ್ತು. ಜೆ.ಪಿ. ನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ಜಯದೇವಪ್ಪನವರ ಮಕ್ಕಳು. ಒಂದೇ ಮನೆಯ ಅಡುಗೆ ಉಂಡು ಅಕ್ಕ ಎಂಬತ್ತೊಂದು ಕೆ.ಜಿ. ತೂಗಿದರೆ ತಂಗಿ ನಲವತ್ತೊಂದು ದಾಟಿರಲಿಲ್ಲ. "ಚಿಕ್ಕವಳ ಪಾಲನ್ನೂ ದೊಡ್ಡವಳೇ ಮುಗಿಸ್ತಾಳೇನೋ" ಅಂತ ಬಂದವರೆಲ್ಲ ನಗುತ್ತಿದ್ದರು. ಸಿರಿಯೂ ನಗುತ್ತಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು.

ಯುಗಾದಿ ಮುಗಿದ ಮರುವಾರ ಇಬ್ಬರೂ ಮೆಡಿಕಲ್ ಶಾಪಿನ ಮೇಲಿದ್ದ ಜಿಮ್ ಸೇರಿದರು. ಅಲ್ಲಿ ಹೇಳಿಕೊಡುತ್ತಿದ್ದವಳು ಶ್ವೇತಾ, ವಿಜಯಪುರದ ಕಡೆಯವಳು, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದಳು. ಲಿಖಿತಾಗೆ ಅವಳು, "ನೀವು ಹೊಟ್ಟಿ ತುಂಬ ತಿನ್ರಿ, ಇಲ್ಲಂದ್ರ ಮೈ ಹತ್ತೂದಿಲ್ಲ" ಅಂದಳು. ಸಿರಿಗೆ, "ನೀವು ಸಿಹಿ, ಕರದದ್ದು ಕಮ್ಮಿ ಮಾಡ್ರಿ. ಭಾರ ಮಾತ್ರ ಇಬ್ರೂ ಎತ್ತಬೇಕು" ಅಂದಳು. ಸಿರಿಯ ಕಿವಿಗೆ ಬಿದ್ದದ್ದು 'ಕಮ್ಮಿ' ಅನ್ನುವ ಒಂದೇ ಮಾತು.

ಮಾರನೆಯ ದಿನದಿಂದ ಅವಳು ಬೆಳಗಿನ ತಿಂಡಿ ಬಿಟ್ಟಳು. ಮಧ್ಯಾಹ್ನ ಸೌತೆಕಾಯಿ, ರಾತ್ರಿ ಅರ್ಧ ಚಪಾತಿ. ಭಾರ ಎತ್ತುವ ಕಬ್ಬಿಣದ ತಟ್ಟೆಗಳ ಕಡೆ ತಿರುಗಿಯೂ ನೋಡದೆ ಟ್ರೆಡ್‌ಮಿಲ್ ಮೇಲೆ ಗಂಟೆಗಟ್ಟಲೆ ನಡೆದಳು. ಮನೆಯಲ್ಲಿ ಅಜ್ಜಿ ನೀಲಗಂಗಮ್ಮ ಲಿಖಿತಾಳ ತಟ್ಟೆಗೆ ಬೆಣ್ಣೆ ಹಚ್ಚಿದ ರೊಟ್ಟಿ, ಪನೀರು, ಮೊಳಕೆ ಹುರುಳಿ ಪಲ್ಯ ಬಡಿಸಿ, "ತಿನ್ನು ಕಂದಾ" ಅನ್ನುತ್ತಿದ್ದಳು. ತನಗೆ ಯಾರಾದರೂ ಹಾಗೆ ಹೇಳಿ ಎಷ್ಟು ವರ್ಷವಾಯಿತು ಅಂತ ಸಿರಿ ಲೆಕ್ಕ ಹಾಕುತ್ತಿದ್ದಳು.

ಎರಡು ತಿಂಗಳಿಗೆ ಲಿಖಿತಾಳ ತೋಳು ತುಂಬಿಕೊಂಡಿತು, ಕೆನ್ನೆಗೆ ಕಳೆ ಬಂತು. ಸಿರಿ ಏಳು ಕೆ.ಜಿ. ಇಳಿದಿದ್ದಳು ನಿಜ, ಆದರೆ ಮುಖ ಸೋತಿತ್ತು, ಬಾಚಿದರೆ ಕೂದಲು ಕೈತುಂಬ ಬರುತ್ತಿತ್ತು. "ಲಿಖಿತಾ ಸಖತ್ತಾಗಿದ್ದಾಳೆ! ನಿಂಗೇನಮ್ಮ, ಹುಷಾರಿಲ್ವಾ?" ಅಂದಳು ಎದುರುಮನೆ ಆಂಟಿ.

ಅವತ್ತು ಸಂಜೆಯೇ ಸಿರಿ ಆ ಕೆಲಸ ಮಾಡಿದ್ದು. ಹಾಲು ಕಾಯಿಸುವುದು ಸಿರಿಯ ಪಾಲಿನ ಕೆಲಸ. ಮೈ ಹತ್ತಲೆಂದು ತಂಗಿ ದಿನಾ ಕುಡಿಯುತ್ತಿದ್ದ ದೊಡ್ಡ ಲೋಟಕ್ಕೆ ಅರ್ಧ ಹಾಲು, ಅರ್ಧ ನೀರು ಹಾಕಿ ಕೊಟ್ಟಳು. ಎದೆ ಡವಡವ ಅಂದಿತು. ಮರುದಿನ ಅಷ್ಟು ಡವಡವ ಇರಲಿಲ್ಲ. ಹತ್ತು ದಿನ ಹೀಗೇ ನಡೆಯಿತು.

ಹನ್ನೊಂದನೆಯ ದಿನ ಲೋಟದ ತಳದಲ್ಲಿ ಮಿಕ್ಕಿದ್ದನ್ನು ಅಜ್ಜಿ ನಾಲಿಗೆಗೆ ಹಚ್ಚಿಕೊಂಡಳು. "ಇದೇನು ಹಾಲೋ ಅಕ್ಕಚ್ಚೋ? ಆ ಏಕಾಂತಯ್ಯ ಮೋಸ ಮಾಡ್ತಿದ್ದಾನೆ!" ಜಯದೇವಪ್ಪ ಬೀದಿ ತುದಿಯಲ್ಲಿ ಅವನು ಬಿಡಿ ಹಾಲು ಅಳೆದು ಮಾರುವ ಬೂತಿಗೆ ಹೋಗಿ ನಾಲ್ಕು ಜನರೆದುರು ಕೂಗಾಡಿ ಬಂದರು. ಎಪ್ಪತ್ತರ ಏಕಾಂತಯ್ಯ ಬೂತಿಗೆ ಬಾಗಿಲೆಳೆದು, ಹಾಲಿನ ಕ್ಯಾನು ಹಿಡಿದು ಹಿಂದೆಯೇ ಬಂದ. "ನಿಮ್ಮ ಒಲೆ ಮೇಲೇ ಕಾಯಿಸಿ ಸ್ವಾಮಿ. ಇಪ್ಪತ್ತು ವರ್ಷದಿಂದ ಈ ಬೀದಿಗೆ ಹಾಲು ಕೊಡ್ತಿದ್ದೀನಿ."

ಹಾಲು ಕಾದು ಆರಿತು. ಮೇಲೆ ದಪ್ಪ ಕೆನೆ. ಮುದುಕ ಆ ಪಾತ್ರೆಯನ್ನು ಒಬ್ಬೊಬ್ಬರಿಗೂ ತೋರಿಸುತ್ತಿದ್ದದ್ದನ್ನು ನೋಡಲಾಗದೆ ಸಿರಿ ಬಾಯಿಬಿಟ್ಟಳು. "ನೀರು ಹಾಕಿದ್ದು ನಾನು."

ಜಯದೇವಪ್ಪ ಮಗಳ ಮುಖ ನೋಡಲಿಲ್ಲ, ಏಕಾಂತಯ್ಯನಿಗೆ ಕೈಮುಗಿದರು. ಅವನು ಹೋದ ಮೇಲೆ ಲಿಖಿತಾ ಕೇಳಿದಳು.

"ಯಾಕಕ್ಕಾ?"

"ನಿಂಗೆ ಎಲ್ರೂ ತಿನ್ನು ಅಂತಾರೆ. ನಂಗೆ ತಿನ್ಬೇಡ ಅಂತಾರೆ."

"ನಿಂಗೆ ಯಾರು ತಿನ್ಬೇಡ ಅಂದ್ರು?"

ಸಿರಿ ಯೋಚಿಸಿದಳು. ಹಾಗಂತ ಯಾರೂ ಅಂದಿರಲಿಲ್ಲ. ಲಿಖಿತಾ ಮಾತ್ರ ವಾರವಿಡೀ ಅವಳನ್ನು ಮಾತಾಡಿಸಲಿಲ್ಲ.

ಜಿಮ್ಮಿನಲ್ಲಿ ಸಿರಿ ದಿನಕ್ಕೆಷ್ಟು ತಿನ್ನುತ್ತಾಳೆಂದು ಕೇಳಿ ತಿಳಿದ ಶ್ವೇತಾ ತಲೆ ಚಚ್ಚಿಕೊಂಡಳು. "ಉಪಾಸ ಮಾಡಿ ಕೊಬ್ಬಿನ ಜತಿ ಮಾಂಸಾನೂ ಕಳಕೊಂಡೀರಿ. ನೀವು ಹೊಸಬ್ರು, ವಯಸ್ಸೂ ಸಣ್ಣದು. ಕಾಳು, ಮೊಸರು, ಪನೀರ್ ಸರಿಯಾಗಿ ತಿಂದು ಭಾರ ಎತ್ತಿದ್ರ ಕೊಬ್ಬೂ ಇಳೀತದ, ಮೈಯೂ ಗಟ್ಟಿ ಆಗ್ತದ. ತೂಕದ ಮಷೀನಿಗೆ ಅದೆಲ್ಲ ತಿಳಿಯೂದಿಲ್ರಿ, ಸೊಂಟಕ್ಕ ಟೇಪ್ ಹಿಡ್ದು ನೋಡ್ರಿ."

ದಸರಾ ಹೊತ್ತಿಗೆ ತೂಕ ಇಳಿದದ್ದು ಮತ್ತೆ ಎರಡೇ ಕೆ.ಜಿ. ಸೊಂಟ ಮೂರು ಇಂಚು ಕರಗಿತ್ತು. ಹೊಟ್ಟೆಕಿಚ್ಚು ಕರಗಿತೇ? ಇಲ್ಲ. ಬನಶಂಕರಿಯಲ್ಲಿ ನೆಂಟರ ನಿಶ್ಚಿತಾರ್ಥಕ್ಕೆ ಲಿಖಿತಾ ತೋಳಿಲ್ಲದ ರವಿಕೆ ತೊಟ್ಟು ಬಂದಾಗ ಅತ್ತೆಯರೆಲ್ಲ ಅವಳ ಸುತ್ತ ನೆರೆದರು. ದೂರದ ಕುರ್ಚಿಯಲ್ಲಿದ್ದ ಸಿರಿ ಮುಖ ಆ ಕಡೆ ತಿರುಗಿಸಿಕೊಂಡಳು. ಆದರೂ ಊಟಕ್ಕೆ ಕೂತಾಗ ಹೊಟ್ಟೆ ಕಟ್ಟದೆ ಕೋಸಂಬರಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಮರುದಿನ ತಂಗಿ ಏಳುವ ಮುಂಚೆ ಜಿಮ್ಮಿಗೆ ಹೋಗಿ, ಭಾರ ಎತ್ತುವ ಸರಳಿನ ಎರಡೂ ಕಡೆ ಒಂದೊಂದು ಕಬ್ಬಿಣದ ತಟ್ಟೆ ಹೆಚ್ಚಿಗೆ ಸೇರಿಸಿದಳು.