ಸೊನ್ನೆ ನಕ್ಷತ್ರದ ಸುದ್ದಿ

“ಗದ್ದ ಒಂಚೂರು ಕೆಳಗೆ, ಅಮ್ಮ. ಹಾಂ, ಅಷ್ಟೇ. ಉಸಿರು ಬಿಡಿ,” ಎಂಬ ಮಾತಾದ ಮೇಲೆ ಬೆಳಕು ಮಿಂಚಲಿಲ್ಲ.

ಗುರುತಿನ ಚೀಟಿಯ ಫೋಟೊಗೆಂದು ಬಂದಿದ್ದ ಹೆಂಗಸು ಗದ್ದ ತಗ್ಗಿಸಿಕೊಂಡೇ ಕಾದಳು. ಫೋಟೊದವರು ಹೇಳಿದ ಮೇಲೆ ಅಲ್ಲಾಡಬಾರದಲ್ಲ. ಕುತ್ತಿಗೆ ನೋಯತೊಡಗಿದಾಗ ಕಣ್ಣಷ್ಟೇ ಮೇಲೆತ್ತಿ ನೋಡಿದಳು. ಕ್ಯಾಮೆರಾ ಮೂರು ಕಾಲಿನ ಮೇಲೆ ಇದ್ದ ಹಾಗೇ ಇತ್ತು. ಅದರ ಹಿಂದೆ ಯಾರೂ ಇರಲಿಲ್ಲ. ಕೆಳಗೆ, ನೆಲಕ್ಕೂ ಹಾಸಿದ ಬೂದುಬಣ್ಣದ ಪರದೆಯ ಅಂಚಿನಲ್ಲಿ, ಒಂದು ಚಪ್ಪಲಿ ಮಗುಚಿಕೊಂಡು ಬಿದ್ದಿತ್ತು.

ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯಲ್ಲಿ ಆ ಫೋಟೊದವನ ಹೆಂಡತಿ ಯಾರದೋ ಓದುವ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದಳು. ಓಡಿಬಂದವರು ಹೇಳಿದ್ದು ತಲೆಗೆ ಹತ್ತದೆ, “ಇದೊಂದು ಗಾಜು ಕೂರಿಸಿ ಬಂದೆ,” ಎಂದಳು. ನಿಜವಾಗಿಯೂ ಕೂರಿಸಿದಳು. ಒರೆಸಿ ಡಬ್ಬಿಯಲ್ಲಿಟ್ಟಳು. ಆಮೇಲೆ ಎದ್ದಳು. ಅವನು ನೆಲ ಮುಟ್ಟುವ ಮೊದಲೇ ಹೋಗಿದ್ದ ಎಂದು ಡಾಕ್ಟರು ಹೇಳಿದರೂ ಆ ಗಾಜಿನ ಹೊತ್ತು ಅವಳನ್ನು ಬಿಡಲಿಲ್ಲ.

ಬೀದಿಯವರ ಬಾಯಲ್ಲಿ ಅವನು ನಾಳೆಯಪ್ಪ. ಹೊಟ್ಟೆಪಾಡಿಗೆ ಗುರುತಿನ ಚೀಟಿಯ ಫೋಟೊ, ಶಾಲೆಯ ಗುಂಪು ಫೋಟೊ. ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಅವನ ನಿಜವಾದ ಕಸುಬು ಶುರುವಾಗುತ್ತಿತ್ತು: ಇನ್ನೂ ಹುಟ್ಟದ ಕ್ಯಾಮೆರಾಗಳ, ಲೆನ್ಸುಗಳ ಸುದ್ದಿ. ಯಾವ ಕಂಪನಿ ಯಾವ ಹೊಸ ಯಂತ್ರಕ್ಕೆ ಪರವಾನಗಿ ಕೇಳಿದೆ, ಯಾವ ಕ್ಯಾಮೆರಾ ಚೀಲ ಹೊಲಿಯುವವನಿಗೆ ಹೊಸ ಅಳತೆ ಬಂದಿದೆ, ಯಾವ ಹಳೇ ಲೆನ್ಸು ಅಂಗಡಿಗಳ ಕಪಾಟಿನಿಂದ ಸದ್ದಿಲ್ಲದೆ ಮಾಯವಾಗುತ್ತಿದೆ ಎಂಬುದನ್ನೆಲ್ಲ ಹೆಕ್ಕಿ, ಜೋಡಿಸಿ, ಇಂಟರ್‌ನೆಟ್ಟಿನ ತನ್ನ ಪುಟದಲ್ಲಿ ಬರೆಯುತ್ತಿದ್ದ. ದೂರದೂರದ ಊರುಗಳ ಫೋಟೊಗ್ರಾಫರುಗಳು ಅದನ್ನು ಓದಿಯೇ ಹೊಸದು ಕೊಳ್ಳುವುದೋ ಕಾಯುವುದೋ ಎಂದು ತೀರ್ಮಾನಿಸುತ್ತಿದ್ದರು.

ಅವನು ಮಾತ್ರ ಏನೂ ಕೊಳ್ಳಲಿಲ್ಲ. ಅವನ ಕ್ಯಾಮೆರಾದ ಹಿಡಿಯ ರಬ್ಬರು ಕಿತ್ತುಬಂದು, ಅಂಟು ಹಾಕಿ, ಮತ್ತೆ ಕಿತ್ತುಬಂದು, ಕೊನೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಸಿಕೊಂಡಿತ್ತು. “ಹೊಸದೊಂದು ತಗೊಳ್ರೀ,” ಎಂದರೆ ಒಂದೇ ಉತ್ತರ: “ಕಾಯಿ. ಬರುತ್ತೆ.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರು ನೀವು,” ಎನ್ನುತ್ತಿದ್ದಳು ಹೆಂಡತಿ. “ಅದೂ ಕಂಡೋರ ಮನೆ ಕೂಸಿಗೆ.”

“ನಿಮ್ಮ ಅಂಗಡೀಲೂ ನಾಳೆ ಬನ್ನಿ ಅಂತೀರಲ್ಲ?”

“ನಾನು ನಾಳೆ ಅಂದ್ರೆ ನಾಳೆ ಮೂಗಿನ ಮೇಲೆ ಗಾಜು ಕೂರುತ್ತೆ. ನಿಮ್ಮ ನಾಳೆಗೆ ಮೂಗೂ ಇಲ್ಲ, ಗಾಜೂ ಇಲ್ಲ.”

ಅವನು ಗಾಳಿಸುದ್ದಿಯವನಾದರೂ ಗಾಳಿಗೆ ತೂರುವವನಲ್ಲ. ಪ್ರತಿ ಸುದ್ದಿಗೂ ನಕ್ಷತ್ರ ಕೊಡುತ್ತಿದ್ದ. ಒಂದೇ ಬಾಯಿಂದ ಬಂದದ್ದಕ್ಕೆ ಒಂದು. ಒಬ್ಬರಿಗೊಬ್ಬರು ಗೊತ್ತಿಲ್ಲದ ಎರಡು ಬಾಯಿ ಒಂದೇ ಮಾತು ಹೇಳಿದರೆ ಮೂರು. ಚಿತ್ರ ಸಿಕ್ಕಿದರೆ ನಾಲ್ಕು. ಐದು ಯಾವುದಕ್ಕೂ ಇಲ್ಲ. “ಕೈಗೆ ಬಂದ ಮೇಲೆ ಅದು ಸುದ್ದಿ ಹೇಗಾಗುತ್ತೆ? ವಸ್ತು ಆಗುತ್ತೆ,” ಎನ್ನುತ್ತಿದ್ದ. ಮನೆಯಲ್ಲೂ ಇದೇ ಲೆಕ್ಕ. ತಂಗಿ ಬಂದು ಪಕ್ಕದ ಮನೆಯವರ ಜಗಳದ ಕಥೆ ಹೇಳಿದರೆ ಒಂದು ಬೆರಳು ಎತ್ತಿ ತೋರಿಸಿ ಒಳಗೆ ಹೋಗುತ್ತಿದ್ದ.

ಈ ಪುಟದ ಹಿಂದೆ ಅವನಿಗೆ ಸುತ್ತಲಿನ ಊರುಗಳ ಗೆಳೆಯರ ಗುಂಪೊಂದಿತ್ತು, ಫೋನಿನಲ್ಲಿ. ಅಲ್ಲಿ ಕ್ಯಾಮೆರಾ ರಿಪೇರಿ ಮಾಡುವ ‘ಸ್ಕ್ರೂ’ ಇದ್ದ. ಲೆನ್ಸು ಮಾರುವವರು, ಮದುವೆ ಫೋಟೊ ತೆಗೆಯುವವರು ಇದ್ದರು. ವರ್ಷಗಟ್ಟಲೆ ಹಗಲೂ ಇರುಳೂ ಮಾತು. ಅವರಲ್ಲಿ ಒಬ್ಬನ ಮುಖವನ್ನೂ ಹೆಂಡತಿ ನೋಡಿರಲಿಲ್ಲ. “ಇವರೆಲ್ಲ ನಿಜವಾಗ್ಲೂ ಇದಾರಾ, ಇಲ್ಲ ಇವರೂ ನಾಳೆ ಬರೋರಾ?” ಎಂದು ಅವಳು ಒಮ್ಮೆ ಕೇಳಿದ್ದಳು. ಅವನು ನಕ್ಕಿರಲಿಲ್ಲ. ಅವಳಿಗೆ ಈಗ ಅದೇ ನೆನಪಾಯಿತು.

ಸ್ಟುಡಿಯೊದ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಗಿರಾಕಿಗಳು ಕಾಯುವ ಉದ್ದ ಬೆಂಚನ್ನು ಒಳಗೆ ತಂದು ಅವನನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಬೀದಿಯವರು ಬಂದರು, ನೋಡಿದರು, ಗೋಡೆಗೆ ಒರಗಿದರು. ಸಂಜೆಯೊಳಗೆ ಒಯ್ಯಬೇಕೆಂದು ವ್ಯಾನಿಗೆ ಹೇಳಿ ಕಳಿಸಿದರು. ಹೆಂಡತಿ ನಾದಿನಿಯ ಕೈಗೆ ಅವನ ಫೋನು ಕೊಟ್ಟಳು.

“ಅವರ ಕಡೆಯವರಿಗೆ ಹೇಳು. ಒಬ್ಬರಾದ್ರೂ ಬರಲಿ. ಇಷ್ಟು ವರ್ಷ ಇವರು ಯಾರ ಜೊತೆ ಬದುಕಿದ್ರು ಅಂತ ನಾನೊಂದು ಸಲ ನೋಡ್ಬೇಕು.”

ನಾದಿನಿ ಪುಟದಲ್ಲೂ ಗುಂಪಿನಲ್ಲೂ ಬರೆದಳು: ಅಣ್ಣ ಹೋಗಿಬಿಟ್ಟ, ಇವತ್ತು ಮಧ್ಯಾಹ್ನ, ಸ್ಟುಡಿಯೊದಲ್ಲೇ.

ಉತ್ತರ ಕೂಡಲೇ ಬಂತು. ಒಂದು ನಗು. ಅದರ ಕೆಳಗೆ ಇನ್ನೊಂದು. ‘ಸೊನ್ನೆ ನಕ್ಷತ್ರ!’ ಎಂದು ಒಬ್ಬ. ‘ಇದು ಸ್ವಲ್ಪ ಅತಿಯಾಯ್ತು ನಾಳೆಯಪ್ಪ, ಆದ್ರೂ ಸೊನ್ನೆ,’ ಎಂದು ಮತ್ತೊಬ್ಬ.

ನಾದಿನಿ ಫೋನಿನಿಂದ ತಲೆ ಎತ್ತಿದಳು. “ಅತ್ತಿಗೆ, ಇವರು ನಗ್ತಿದಾರೆ.”

“ಏನಂದೆ?”

“ನಗ್ತಿದಾರೆ ಅತ್ತಿಗೆ.”

ಅವಳು ಫೋನು ಕಸಿದುಕೊಂಡಳು. ಹಳದಿ ಮುಖಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು, ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖಗಳು. ಅವಳು ಬೆಂಚಿನ ಕಡೆ ನೋಡಿದಳು, ಫೋನಿನ ಕಡೆ ನೋಡಿದಳು. ಇವೆರಡೂ ಒಂದೇ ಮನೆಯೊಳಗೆ ಇರುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

“ಆ ಸ್ಕ್ರೂಗೆ ಫೋನ್ ಮಾಡು,” ಎಂದಳು.

ನಾದಿನಿ ಮಾಡಿದಳು. ಎರಡು ಮಾತು ಮುಗಿಯುವಷ್ಟರಲ್ಲಿ ಅತ್ತಲಿಂದ ಗಹಗಹಿಸುವ ದನಿ: “ಓಹೋ, ಕಂಪನಿ ಮೇಡಮ್ಮು! ಹೋದ ಸಲಕ್ಕಿಂತ ಅಳು ಚೆನ್ನಾಗಿ ಬಂದಿದೆ. ಗಿಣಿ ಇನ್ನೂ ಬೋನಿಗೆ ಬಿದ್ದಿಲ್ವಾ? ನಿಮ್ಮಣ್ಣಂಗೆ ಹೇಳಿ, ಕಾಗೆ ಹಾರಿಸೋದಕ್ಕೂ ಒಂದು ಮಿತಿ ಬೇಕು ಅಂತ. ನಾನೇ ಒಂದು ಕ್ಷಣ ನಡುಗಿಹೋದೆ!” ಫೋನು ಕಟ್ಟಾಯಿತು.

ನಾದಿನಿ ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಅತ್ತಿಗೆಗೆ ಎಲ್ಲ ಹೇಳಿದಳು. ಯಾರೋ ಒಬ್ಬ ನಾಳೆಯಪ್ಪನ ಸುದ್ದಿಯನ್ನೆಲ್ಲ ಕದ್ದು, ಅಕ್ಷರದ ತಪ್ಪನ್ನೂ ಬಿಡದೆ ತನ್ನ ಪುಟದಲ್ಲಿ ಹಾಕಿಕೊಳ್ಳುತ್ತಿದ್ದ. ಗುಂಪಿನವರು ಅವನಿಗಿಟ್ಟ ಹೆಸರು ಗಿಣಿ. ಅವನನ್ನು ಹಿಡಿಯಲು ನಾಳೆಯಪ್ಪ ಆಗಾಗ ಬೋನು ಇಡುತ್ತಿದ್ದ: ಬೇಕೆಂದೇ ಒಂದು ಸುಳ್ಳು ಸುದ್ದಿ ಬರೆದು, ಗಿಣಿ ಅದನ್ನೂ ನುಂಗಿದಾಗ ಎಲ್ಲರೆದುರು ಬಯಲು ಮಾಡುವುದು. ಹೋದ ಸಲ ಸುಳ್ಳಿಗೆ ಬಲ ಬರಲೆಂದು ತಂಗಿಯ ಕೈಲಿ ಕಂಪನಿಯ ಗುಮಾಸ್ತೆಯ ಹಾಗೆ ಫೋನು ಮಾಡಿಸಿದ್ದ. ಇವತ್ತು ಬೆಳಿಗ್ಗೆ ಇಲ್ಲದ ಲೆನ್ಸೊಂದರ ಸುದ್ದಿ ಹೆಣೆದು ಪುಟಕ್ಕೆ ಹಾಕಿ, ಗುಂಪಿಗೆ ಬರೆದಿದ್ದ: ‘ಬೋನು ಇಟ್ಟಿದೀನಿ. ನಾಳೆವರೆಗೂ ನನ್ನ ಕಡೆಯಿಂದ, ನನ್ನ ಮನೆ ಕಡೆಯಿಂದ ಏನೇ ಬಂದ್ರೂ ಸೊನ್ನೆ. ಯಾರೂ ಬಾಯಿಬಿಟ್ಟು ಕೆಡಿಸಬೇಡಿ.’

“ಏನೇ ಬಂದ್ರೂ,” ಎಂದು ಹೆಂಡತಿ ನಿಧಾನವಾಗಿ ಓದಿದಳು. ಅದು ಅವನ ಬೆರಳು ಬರೆದದ್ದು. ಬೆಳಿಗ್ಗೆ ಇದನ್ನು ಬರೆಯುವಾಗ ಅವನು ತನ್ನಷ್ಟಕ್ಕೆ ನಕ್ಕದ್ದನ್ನು ಅವಳು ಒಲೆಯ ಹತ್ತಿರದಿಂದ ಕೇಳಿದ್ದಳು. ಏನು ನಗು ಅಂತ ಕೇಳಿರಲಿಲ್ಲ.

ಅಷ್ಟರಲ್ಲಿ ಗುಂಪಿನಲ್ಲಿ ಜಾತ್ರೆಯೇ ಎದ್ದಿತು. ‘ಬಿತ್ತು! ಬಿತ್ತು! ಗಿಣಿ ಬೋನಿಗೆ ಬಿತ್ತು!’ ಗಿಣಿಯ ಪುಟದಲ್ಲಿ ನಾಳೆಯಪ್ಪನ ಸಾವಿನ ಸುದ್ದಿ ಬಂದಿತ್ತು, ಕಪ್ಪು ಅಂಚು ಹಾಕಿ. ನಾದಿನಿ ಅಳುತ್ತಾ ಬರೆದ ತಪ್ಪಕ್ಷರಗಳೂ ಹಾಗೇ ಇದ್ದವು. ‘ಸಾವನ್ನೂ ಕಾಪಿ ಹೊಡೆದ್ನಲ್ಲಪ್ಪ, ನಾಚಿಕೆಗೇಡಿ!’ ‘ನಾಳೆಯಪ್ಪ, ಇನ್ನು ಎದ್ದು ಬಾ, ಸಾಕು!’

ಎದ್ದು ಬಾ ಎಂಬುದನ್ನು ಓದಿದಾಗ ಅವಳ ಬಾಯಿಂದ ಒಂದು ಸದ್ದು ಬಂತು. ಗೋಡೆಗೆ ಒರಗಿದ್ದ ಬೀದಿಯವರೆಲ್ಲ ತಿರುಗಿ ನೋಡಿದರು. ಅದು ಅಳುವೂ ಆಗಿರಲಿಲ್ಲ, ನಗುವೂ ಆಗಿರಲಿಲ್ಲ.

ವ್ಯಾನು ಬಂದು ನಿಂತಿತು. ಅದರ ಹಿಂದೆಯೇ ಯಾರೋ ಒಬ್ಬ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆಯೇ ಒಳಗೆ ಬಂದ. ಬೆಂಚಿನ ಮುಂದೆ ನಿಂತವನು ನಿಂತೇ ಇದ್ದ. ಹೆಲ್ಮೆಟ್ಟು ತೆಗೆದಾಗ ಕಂಡದ್ದು ಅರ್ಧ ನರೆತ ತಲೆ, ದುಂಡು ಮುಖ, ಒದ್ದೆ ಕೆನ್ನೆ.

“ನೀವು ಯಾರಪ್ಪ?” ಎಂದಳು ಅವಳು.

“ನಾನು... ಅವರು ಬರೆಯೋದನ್ನ ದಿನಾ ಓದ್ತೀನಿ ಅಮ್ಮ.”

“ಸುದ್ದಿ ಯಾರು ಹೇಳಿದ್ರು?”

“ಅವರ ಪುಟದಲ್ಲೇ ಇತ್ತಲ್ಲ.”

“ನಂಬಿದ್ರಾ?”

ಆತ ಪ್ರಶ್ನೆ ಅರ್ಥವಾಗದವನಂತೆ ನೋಡಿದ. “ಅವರು ಬರೆದದ್ದನ್ನ ನಾನು ಯಾವತ್ತೂ ಇನ್ನೊಬ್ಬರನ್ನ ಕೇಳಿ ನೋಡಿದೋನೇ ಅಲ್ಲ ಅಮ್ಮ. ಬಂದದ್ದು ಬಂದ ಹಾಗೇ...” ಕಿವಿಯವರೆಗೂ ಕೆಂಪಾದ.

ನಾದಿನಿ ದಡಕ್ಕನೆ ಎದ್ದಳು. “ಅತ್ತಿಗೆ! ಇವನೇ ಗಿಣಿ!”

ಅವನು ಇಲ್ಲವೆನ್ನಲಿಲ್ಲ. ಹೆಲ್ಮೆಟ್ಟನ್ನು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ಸರಿದ. “ಹೋಗ್ತೀನಿ ಅಮ್ಮ. ಒಂದು ಸಲ ನೋಡ್ಬೇಕು ಅನ್ನಿಸ್ತು, ಅಷ್ಟೇ.”

ಅವಳು ಅವನ ಮುಖವನ್ನೇ ನೋಡಿದಳು. ಗಂಡನ ಗೆಳೆಯರೆಲ್ಲ ಗಂಡನ ಮಾತಿಗೆ ಕಟ್ಟುಬಿದ್ದು ಮನೆಯಲ್ಲಿ ಕೂತು ನಗುತ್ತಿದ್ದರು. ಬಂದವನು ಕಳ್ಳ.

“ಎಲ್ಲಿಗೆ ಹೋಗ್ತೀರಿ? ನಿಲ್ಲಿ ಅಲ್ಲಿ,” ಎಂದಳು. “ಬಂದಿರೋದು ನೀವೊಬ್ಬರೇ. ಮಿಕ್ಕವರು ಸುಳ್ಳು ಅಂತ ನಗ್ತಿದಾರೆ.”

“ನಾನೇ ಅವರಿಗೆಲ್ಲ ನಿಜ ಅಂತ ಬರೀಬಹುದಿತ್ತು ಅಮ್ಮ. ಆದ್ರೆ ನನ್ನ ಮಾತು ಅವರು ನಂಬಲ್ಲ.”

“ಒಂದು ಫೋಟೊ ಹಾಕಿಬಿಡೋಣ ಅತ್ತಿಗೆ,” ಎಂದಳು ನಾದಿನಿ. “ಮುಖ ನೋಡಿದ್ರೆ ನಂಬ್ತಾರೆ.”

“ಮುಖ ಕೊಡಲ್ಲ. ಅದಕ್ಕೂ ಹಲ್ಲು ಕಿಸಿದು, ಮಲಗಿ ನಟಿಸ್ತಿದಾನೆ ಅಂದ್ರೆ ನನ್ನ ಕೈಲಿ ತಡೆಯೋಕಾಗಲ್ಲ.”

ಅವಳು ಸ್ಟುಡಿಯೊಗೆ ಹೋದಳು. ಕ್ಯಾಮೆರಾ ಇನ್ನೂ ಆ ಖಾಲಿ ಕುರ್ಚಿಯನ್ನೇ ನೋಡುತ್ತಿತ್ತು. ಕಪಾಟಿನಿಂದ ಅವನ ದೊಡ್ಡ ಹಳೆಯ ಲೆನ್ಸನ್ನು ತಂದಳು, ಬೋಗುಣಿಯಷ್ಟು ಅಗಲ ಬಾಯಿಯದು. ಒಂದು ಸಂಜೆ ಅವನು ಯಾರೋ ಕದ್ದು ಕಳಿಸಿದ ಹೊಸ ಲೆನ್ಸಿನ ಚಿತ್ರವನ್ನು ದೊಡ್ಡದು ಮಾಡಿ ಅವಳಿಗೆ ತೋರಿಸಿದ್ದ. ಲೆನ್ಸಿನ ಮುಂಗಾಜಿನಲ್ಲಿ, ಸಾಸಿವೆಯಷ್ಟು ಸಣ್ಣದಾಗಿ, ಪಟ್ಟೆ ಪಾಯಿಜಾಮದ ಒಬ್ಬ ಮನುಷ್ಯ, ಅವನ ಹಿಂದೆ ಒಣಹಾಕಿದ ಬಟ್ಟೆ. “ನಾವು ವಸ್ತು ನೋಡಲ್ಲ ಕಣೇ, ಗಾಜು ನೋಡ್ತೀವಿ,” ಎಂದಿದ್ದ. “ವಸ್ತು ಸುಳ್ಳಿರಬಹುದು. ಗಾಜಿನಲ್ಲಿ ಬಿದ್ದದ್ದು ಅಲ್ಲಿ ಇದ್ದೇ ಇರುತ್ತೆ. ಗುಂಪಿನವರೆಲ್ಲ ಮೊದಲು ಹುಡುಕೋದು ಅದನ್ನೇ.” ಅವಳೂ ಗಾಜಿನ ಕೆಲಸದವಳು. ಅವನು ಹೇಳಿದ್ದರಲ್ಲಿ ಅವಳಿಗೆ ಪೂರ್ತಿ ಅರ್ಥವಾದದ್ದು, ಇಷ್ಟವಾದದ್ದು ಅದೊಂದೇ.

ಒಳಗೆ, ಬೆಂಚಿದ್ದ ಕೋಣೆಯ ಕಿಟಕಿಯ ಹತ್ತಿರ ಒಂದು ಸ್ಟೂಲು. ಅದರ ಮೇಲೆ ಲೆನ್ಸು, ಬಾಯಿ ಕೋಣೆಯ ಕಡೆಗೆ. ಸೆರಗಿನಿಂದ ಗಾಜು ಒರೆಸಿದಳು, ದಿನವೂ ಒರೆಸುವ ಹಾಗೆ, ನಡುವಿನಿಂದ ಅಂಚಿಗೆ. ಬೆಂಚಿಗೆ ಬೆನ್ನು ಮಾಡಿ, ಅದು ಮರೆಯಾಗದಂತೆ ಒಂದು ಪಕ್ಕಕ್ಕೆ ಸರಿದು ನಿಂತು ಫೋನು ಎತ್ತಿದಳು. ಚಿತ್ರ ತೆಗೆದು ಗುಂಪಿಗೆ ಕಳಿಸಿದಳು. ಒಂದಕ್ಷರವೂ ಬರೆಯಲಿಲ್ಲ.

‘ಇದೇನು, ಹಳೇ ಡಬ್ಬ?’ ಎಂದು ಒಬ್ಬ ಬರೆದ. ‘ಮಾರಾಟಕ್ಕಾ?’ ಎಂದು ಇನ್ನೊಬ್ಬ.

ಆಮೇಲೆ ಏನೂ ಬರಲಿಲ್ಲ.

ಎಲ್ಲರೂ ಅವರವರ ಊರಲ್ಲಿ, ಅವರವರ ಅಂಗಡಿಯಲ್ಲಿ, ಎರಡು ಬೆರಳಿನಿಂದ ಆ ಗಾಜನ್ನು ಅಗಲಿಸುತ್ತಿದ್ದರು. ಕಿಟಕಿಯ ಬೆಳಕು. ಫೋನು ಹಿಡಿದ ಒಬ್ಬ ಹೆಂಗಸು. ಅವಳ ಹಿಂದೆ ಬಾಗಿದಂತೆ ಕಾಣುವ ಒಂದು ಬೆಂಚು. ಬೆಂಚಿನ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ. ಗೋಡೆಗೆ ಒರಗಿದ ಜನ. ಕಾಲ ಬಳಿ ಹೆಲ್ಮೆಟ್ಟು ಎದೆಗೊತ್ತಿಕೊಂಡ ಒಬ್ಬ.

ಫೋನಿನಲ್ಲಿ ಹಳದಿ ಮುಖವೊಂದು ಅಳಿಸಿಹೋಯಿತು. ಇನ್ನೊಂದು ಹೋಯಿತು. ‘ಎದ್ದು ಬಾ’ ಎಂದವನ ಮಾತು ಹೋಯಿತು. ನಗುಗಳೆಲ್ಲ ಒಂದೊಂದಾಗಿ ಮಾಯವಾಗುತ್ತಾ ಬಂದು, ಕೊನೆಗೆ ಉಳಿದದ್ದು ಬೆಳಗಿನ ಅವನ ಮಾತು, ನಾದಿನಿಯ ಒಂದು ಸಾಲು, ಆ ಲೆನ್ಸು.

ಫೋನು ಹೊಡೆದುಕೊಂಡಿತು. ಸ್ಕ್ರೂ.

“ಅತ್ತಿಗೆ,” ಎಂದ. “ಆ ಬಿಳೀದು...”

“ಹೂಂ.”

“ನಾನು ಹೊರಟೆ. ಎಲ್ಲರೂ ಹೊರಟಿದೀವಿ ಅತ್ತಿಗೆ. ಒಯ್ದುಬಿಡಬೇಡಿ.”

ವ್ಯಾನಿನವನು ಹೊಸ್ತಿಲಲ್ಲಿ ನಿಂತು ಕೆಮ್ಮಿದ. “ಅಮ್ಮ, ಹೊತ್ತಾಯ್ತು. ಇನ್ಯಾರಾದ್ರೂ ಬರೋರು ಇದಾರಾ? ಇಲ್ಲ ಎತ್ತೋಣ್ವಾ?”

ಅವಳು ಬೆಂಚಿನ ಪಕ್ಕ ಕೂತು ಬಿಳಿ ಬಟ್ಟೆಯ ಅಂಚನ್ನು ಸರಿಮಾಡಿದಳು.

“ಕಾಯಿ,” ಎಂದಳು. “ಬರ್ತಾರೆ.”

ಹೇಳಿದ ಮೇಲೆ ಅದು ಯಾರ ಮಾತೆಂದು ಅವಳಿಗೇ ಕೇಳಿಸಿತು. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಬಂದರು. ಮೊದಲು ಸ್ಕ್ರೂ, ಅಂಗಿಯ ಜೇಬಿನಲ್ಲಿ ಪುಟ್ಟ ತಿರುಪುಳಿಗಳು ಹಾಗೇ ಇದ್ದವು. ಒಳಗೆ ಬರಲಾರದೆ ಹೊಸ್ತಿಲಲ್ಲೇ ತಲೆ ಹಿಡಿದು ಕೂತ. ಹಿಂದೆಯೇ ಉಳಿದವರು. ಕೊರಳಲ್ಲಿ ಕ್ಯಾಮೆರಾ ಇದ್ದವರೂ ಇದ್ದರು, ಅಂಗಡಿಯಿಂದ ಎದ್ದು ಬಂದ ಹಾಗೆ. ಒಬ್ಬನೂ ಅದನ್ನು ಎತ್ತಲಿಲ್ಲ. ಅವಳು ಪ್ರತಿಯೊಬ್ಬನ ಮುಖವನ್ನೂ ನೋಡಿದಳು. ಎಲ್ಲರೂ ನಿಜವಾಗಿಯೂ ಇದ್ದರು.

ಎತ್ತುವ ಹೊತ್ತಿಗೆ ತಲೆಯ ಕಡೆ ಒಂದು ಹೆಗಲು ಸಾಲದೆ ಬಂತು. ಗಿಣಿ ಮೂಲೆಯಲ್ಲಿ ನಿಂತಿದ್ದ. ಅವನು ಯಾರೆಂದು ನಾದಿನಿ ಹೇಳಿದಳು. ಸ್ಕ್ರೂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ನಿಂಗೆ ಯಾರಯ್ಯಾ ಹೇಳಿದ್ದು?”

“ಎಲ್ಲರಿಗೂ ಹೇಳಿದ್ದನ್ನೇ ನಾನೂ ಓದಿದೆ,” ಎಂದ ಗಿಣಿ ಮೆಲ್ಲಗೆ.

ಸ್ಕ್ರೂ ಪಕ್ಕಕ್ಕೆ ಸರಿದು ಹೆಗಲಿಗೆ ಜಾಗ ಕೊಟ್ಟ.