ಸೆವೆಂಟೀನ್ ಬೈ ಟೂ

ಆ ಬುಧವಾರ ಮಧ್ಯಾಹ್ನ ತಮ್ಮ ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿ ಯಾರದೋ ರೇಷನ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತಿದ್ದೆ. ಆಂಡರ್ಸನ್‌ಪೇಟೆಯ ಈ ಅಂಗಡಿಗೆ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಫಲಿತಾಂಶ, ಏನು ಕೇಳಿದರೂ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದುಕೊಡುವುದು ನನ್ನ ಕೆಲಸ. ತಮ್ಮ ಬೇತಮಂಗಲದ ಆಚೆ ಟವರ್ ಕಟ್ಟುವ ಗ್ಯಾಂಗಿನಲ್ಲಿದ್ದ. ಒಂದು ಸೋಲಾರ್ ಪ್ಲಾಂಟಿನಿಂದ ಸಬ್‌ಸ್ಟೇಷನ್ನಿಗೆ ಹೊಸ ಲೈನ್ ಎಳೆಯುತ್ತಿದ್ದರು.

"ಉಂಡ್ಯೇನ್ಲಾ?" ಅಂದೆ.

"ಇನ್ನೂ ಇಲ್ಲ ಕಣಕ್ಕ. ಸೆವೆಂಟೀನ್ ಬೈ ಟೂ ತಾವ ಅವ್ನಿ. ನಾಳೆಗಂಟ ಇಲ್ಲೇ ಕೆಲ್ಸ."

"ಬೈ ಟೂನಾ? ಕಾಫಿ ಕುಡ್ಯಾಕೆ ಓಗಿದ್ದೀಯೇನ್ಲಾ ಅಲ್ಲಿಗೆ?"

"ಊಂ, ನಿನ್ನ ಪಾಲಿಂದು ಇಕ್ಕಿರ್ತೀನಿ, ಬಸ್ ಅತ್ಕೊಂಡು ಬಾ. ಟವರ್ ನಂಬರ್ ಕಣಕ್ಕ ಅದು! ನೀನೊಬ್ಳು ಲೂಸು."

ನಗುತ್ತಲೇ ಫೋನ್ ಇಟ್ಟೆ. ರೇಷನ್ ಕಾರ್ಡಿನವರಿಗೆ ಎರಡು ಪ್ರತಿಯ ಬದಲು ಮೂರು ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ಅದೇ ಟವರಿನ ಮೇಲಿಂದ ಅವನು ಬಿದ್ದ. ಗ್ಯಾಂಗಿನವರು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ನಾವು ಹೋಗುವ ಹೊತ್ತಿಗೆ ಮುಖ ಮುಚ್ಚುವ ಹಾಗೆ ಬಟ್ಟೆ ಹೊದಿಸಿದ್ದರು. ಬೂದಿಕೋಟೆಯ ಹತ್ತಿರ ನಮ್ಮ ಅಮ್ಮನ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಗ್ಯಾಂಗಿನವರು ಬೇರೆ ರಾಜ್ಯದವರು. ವಾರದೊಳಗೆ ಇನ್ನೆಲ್ಲಿಗೋ ಕೆಲಸಕ್ಕೆ ಹೊರಟುಹೋದರು. ಅವರ ಫೋನುಗಳು ಒಂದೊಂದಾಗಿ ಸ್ವಿಚ್ ಆಫ್ ಆದವು.

ಹನ್ನೊಂದನೆಯ ದಿನ ಎಲ್ಲರೂ ಊಟ ಮುಗಿಸಿ ಎದ್ದ ಮೇಲೆ ಅಮ್ಮ ನನ್ನನ್ನು ಕರೆದಳು.

"ಜೀವ ಓಗಿದ್ದು ಇಲ್ಲಲ್ಲ ಕಣೆ. ಬಿದ್ದ ತಾವ ಒಂದು ಕಲ್ಲು ನೆಟ್ಟು ಹಾಲು ಉಯ್ದು ಬರ್ಬೇಕು. ವರ್ಷ ತುಂಬೋದ್ರೊಳಗೆ ಆಗ್ಬೇಕು. ಇಲ್ದಿದ್ರೆ ಅವ್ನು ಅಲ್ಲೇ ಕುಂತಿರ್ತಾನೆ."

"ಆಗ್ಲಿ ಬಿಡಮ್ಮ, ನಂಬರ್ ಗೊತ್ತೈತೆ ನಂಗೆ" ಅಂದೆ. ಅದು ಅಷ್ಟು ಸುಲಭ ಅಂದುಕೊಂಡಿದ್ದೆ.

ಪೊಲೀಸರ ಕಾಗದದಲ್ಲಿ ಎರಡು ಹಳ್ಳಿಗಳ ನಡುವೆ, ನಿರ್ಮಾಣದಲ್ಲಿದ್ದ ಟವರಿನ ಬಳಿ ಎಂದಷ್ಟೇ ಇತ್ತು. ನಾನು ಬಸ್ಸಿನಲ್ಲಿ ಹೋಗಿ ನೋಡುವ ಹೊತ್ತಿಗೆ ಲೈನಿನ ಕೆಲಸ ಮುಗಿದಿತ್ತು. ಅಲ್ಲಿ ಟವರುಗಳ ಸಾಲೇ ನಿಂತಿತ್ತು, ಎಲ್ಲವೂ ಒಂದೇ ಥರ. ಕುರಿ ಮೇಯಿಸುವವರೊಬ್ಬರು ಕೆರೆಯ ಕಡೆಗೆ ಕೈ ತೋರಿಸಿದರು. ಟೊಮೆಟೊ ಬಿಡಿಸುತ್ತಿದ್ದ ಹೆಂಗಸು ಬಂಡೆಯ ಕಡೆಗೆ ತೋರಿಸಿದಳು. ಸೆವೆಂಟೀನ್ ಬೈ ಟೂ ಎಂಬ ನಂಬರು ಯಾವುದರ ಮೇಲೂ ಇರಲಿಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಲು ಶುರುಮಾಡಿದೆ. ಗ್ರಿಡ್‌ಗೆ ಸೇರಲು ಅರ್ಜಿ ಹಾಕಿದ ಪ್ಲಾಂಟುಗಳ ಪಟ್ಟಿ ಎಲ್ಲರೂ ನೋಡಬಹುದಾದ ಹಾಗೆ ಇದೆ. ಅರ್ಜಿದಾರರ ಹೆಸರು, ಎಷ್ಟು ಮೆಗಾವ್ಯಾಟ್, ಯಾವ ತಾಲ್ಲೂಕು, ಯಾವ ಸಬ್‌ಸ್ಟೇಷನ್, ಕೆಲಸ ಎಲ್ಲಿಗೆ ಬಂತು. ತಮ್ಮನ ಗುರುತಿನ ಚೀಟಿಯಲ್ಲಿದ್ದ ಕಂಪನಿಯ ಹೆಸರು ಹಾಕಿದೆ. ಏನೂ ಬರಲಿಲ್ಲ. ಅದು ಗುತ್ತಿಗೆದಾರರ ಹೆಸರು, ಪಟ್ಟಿಯಲ್ಲಿರುವುದು ಪ್ಲಾಂಟಿನವರದು ಎಂದು ತಿಳಿಯಲು ಹದಿನೈದು ದಿನ ಬೇಕಾಯಿತು. ಆಮೇಲೆ ಕೆಜಿಎಫ್ ತಾಲ್ಲೂಕು ಎಂದು ಹುಡುಕಿದೆ. ಸಿಕ್ಕ ಯಾವುದೂ ಆ ಕಡೆಯದಲ್ಲ. ಒಂದು ದಿನ ಬೇಸತ್ತು ಬಂಗಾರಪೇಟೆ ಎಂದು ಒತ್ತಿದರೆ ಬೇತಮಂಗಲದ ಆಚೆಯ ಆ ಪ್ಲಾಂಟು ಅಲ್ಲಿ ಕೂತಿತ್ತು. ನಮ್ಮ ತಾಲ್ಲೂಕು ಬಂಗಾರಪೇಟೆಯಿಂದ ಬೇರೆಯಾದದ್ದು ಅರ್ಜಿ ಬರೆದವರಿಗೆ ನೆನಪಿರಲಿಲ್ಲವೇನೋ.

ಅಂಗಡಿಯ ಮಾಲೀಕರು ತಮಿಳಿನವರು, ವಯಸ್ಸಾದವರು. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚದೆ ಕೂತ ನನ್ನನ್ನು ನೋಡಿ, "ಏಮ್ಮಾ, ಊರೆಲ್ಲಾ ಜನರ ಪಹಣಿ ಎರಡು ನಿಮಿಷದಲ್ಲಿ ಎಡುತ್ತು ಕೊಡ್ತೀಯ, ಒಂದು ಟವರ್ ಸಿಕ್ಕಲ್ವಾ?" ಅಂದರು.

"ಸಿಕ್ತು ಅಣ್ಣಾ, ಲೈನ್ ಸಿಕ್ತು" ಅಂದೆ.

"ಹಂಗಾದ್ರೆ ಮೊದಲು ಸಾಪ್ಪಾಡು ಮುಗಿಸು."

ಕೆಲಸ ಪೂರ್ಣ ಎಂದು ಬರೆದಿತ್ತು. ಜೊತೆಗೆ ಲೈನಿನ ನಕ್ಷೆಯೂ ಟವರುಗಳ ಪಟ್ಟಿಯೂ ಇದ್ದವು. ಪಟ್ಟಿ ಒಂದರಿಂದ ಐವತ್ತೆಂಟರವರೆಗೆ ನೇರವಾಗಿ ಇತ್ತು. ಹದಿನೇಳು ಇತ್ತು, ಹದಿನೇಳು ಬೈ ಎರಡು ಇರಲಿಲ್ಲ.

ಪಟ್ಟಿಯನ್ನೂ ನಕ್ಷೆಯನ್ನೂ ಪ್ರಿಂಟ್ ತೆಗೆದುಕೊಂಡು ಬಂಗಾರಪೇಟೆಗೆ ಹೋಗಿ ಲೈನ್ ಕೆಲಸ ಗೊತ್ತಿರುವ ಒಬ್ಬ ಎಂಜಿನಿಯರನ್ನು ಕಂಡೆ. ಅವರು ಕುರ್ಚಿ ಕೊಟ್ಟು ಕೂರಿಸಿದರು.

"ನೋಡಮ್ಮ, ಕಟ್ಟೋವಾಗ ಲೈನು ತಿರುಗೋ ಜಾಗಗಳಿಗೆ ನಂಬರ್ ಕೊಡ್ತಾರೆ. ಹದಿನೇಳನೇ ತಿರುವಾದ ಮೇಲೆ ಎರಡನೇ ಟವರು, ಅದೇ ನಿಮ್ಮದು. ಲೈನ್ ಚಾರ್ಜ್ ಆಗಿ ಕರೆಂಟ್ ಹರಿದ್ಮೇಲೆ ಆ ನಂಬರೆಲ್ಲಾ ತೆಗೆದು ಒಂದನೇದರಿಂದ ಹೊಸದಾಗಿ ಬರೀತಾರೆ."

"ನಕ್ಷೇಲಿ ತಿರುವು ಎಣಿಸಿದ್ರೆ ಗೊತ್ತಾಗಲ್ವಾ ಸಾರ್?"

"ಈ ನಕ್ಷೆ ಅರ್ಜಿ ಹಾಕಿದಾಗಿಂದು. ಆಮೇಲೆ ಕೆರೆ ಅಡ್ಡ ಬಂತು ಅಂತ ಲೈನ್ ಸುತ್ತಿಸಿದ್ದಾರೆ. ತಿರುವು ಜಾಸ್ತಿಯಾಗಿವೆ, ಎಷ್ಟು ಅಂತ ನಂಗೂ ಗೊತ್ತಿಲ್ಲ. ಹಳೇ ನಂಬರ್, ಹೊಸ ನಂಬರ್ ಅಕ್ಕಪಕ್ಕ ಬರೆದ ಒಂದು ಹಾಳೆ ಸೈಟಿನಲ್ಲಿ ಇರುತ್ತೆ. ಅದು ಸಿಕ್ಕಿದ್ರೆ ಮುಗೀತು."

ಪೆನ್ಸಿಲಿನಲ್ಲಿ ಎಣಿಸಿ, ಮೂವತ್ತೊಂದು, ಮೂವತ್ತಮೂರು, ಮೂವತ್ತನಾಲ್ಕು, ಇವುಗಳಲ್ಲಿ ಒಂದಿರಬೇಕು ಎಂದು ಸುತ್ತು ಹಾಕಿ ಕೊಟ್ಟರು.

ಆ ಹಾಳೆಗಾಗಿ ವಿದ್ಯುತ್ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಇನ್ನೊಬ್ಬರಿಗೆ ಎಷ್ಟೋ ಸಲ ಬರೆದುಕೊಟ್ಟ ಅರ್ಜಿ. ಆದರೂ ನನ್ನದನ್ನು ಬರೆಯುವಾಗ ವಿಷಯ ಎಂಬಲ್ಲಿ ಏನು ಬರೆಯಬೇಕೋ ತೋಚದೆ ಬಹಳ ಹೊತ್ತು ಕೂತಿದ್ದೆ. ಅಂಥ ಹಾಳೆ ಈ ಕಚೇರಿಯಲ್ಲಿ ಲಭ್ಯವಿಲ್ಲ ಎಂದು ಉತ್ತರ ಬಂತು. ತಮ್ಮನ ಚೀಟಿಯಲ್ಲಿದ್ದ ಗುತ್ತಿಗೆದಾರರ ಫೋನ್ ನಂಬರಿಗೆ ಈಗ ಬೇರೆ ಯಾರೋ ಸಿಗುತ್ತಾರೆ. ಮೂರನೆಯ ಸಲ ಮಾಡಿದಾಗ ಅವರು, "ಅಮ್ಮಾ, ನಮ್ಮದು ಬೇಕರಿ" ಎಂದು ಮೆಲ್ಲಗೆ ಹೇಳಿದರು.

ವರ್ಷ ತುಂಬಲು ನಾಲ್ಕು ದಿನವಿದ್ದಾಗ ಊರಿಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಹಸುವಿಗೆ ಹುಲ್ಲು ಹಾಕುತ್ತಿದ್ದಳು.

"ಮೂರಕ್ಕೂ ಹಾಲು ಉಯ್ದು ಬಂದ್ಬಿಡಾನ ಅಮ್ಮ. ಅದ್ರಾಗೆ ಒಂದು ಅವ್ನದಾಗ್ತೈತೆ."

ಅವಳು ತಿರುಗಿ ನೋಡಿದಳು. "ಮೂರು ತಾವ ಉಯ್ಯಾಕೆ ನಂಗೇನು ಮೂರು ಮಕ್ಳು ಸತ್ತವ್ರೇನೆ?"

ಆ ಮೇಲೆ ನಾನು ಆ ಮಾತೆತ್ತಲಿಲ್ಲ. ವರ್ಷದ ಪೂಜೆಯನ್ನು ಹೊಲದ ಬದುವಿನಲ್ಲೇ ಮಾಡಿದೆವು. ನೆಡುವುದಕ್ಕೆಂದು ಅಮ್ಮ ತಂದಿಟ್ಟಿದ್ದ ಕಲ್ಲು ಕೊಟ್ಟಿಗೆಯ ಮೂಲೆಯಲ್ಲಿದೆ. ನಾನು ಅಂಗಡಿಯಲ್ಲಿ ಬಿಡುವಾದಾಗ ಈಗಲೂ ಆ ಪಟ್ಟಿಯನ್ನು ತೆರೆಯುತ್ತೇನೆ, ಏನಾದರೂ ಹೊಸದಾಗಿ ಸೇರಿಸಿದ್ದಾರೆಯೇ ಎಂದು.

ಹಳೆಯ ನಂಬರೂ ಹೊಸ ನಂಬರೂ ಇರುವ ಆ ಹಾಳೆ ಇನ್ನೂ ಸಿಕ್ಕಿಲ್ಲ.